ರಾತ್ರಿ ಡ್ಯೂಟಿಗೆ ಇನ್ನೊಬ್ಬರನ್ನು ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರಾತ್ರಿ ಕ್ಯಾಶುಯಾಲಿಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ಕೋಣೆಯಲ್ಲಿ, ಇರುವ ನರ್ಸ್ ನಾನೊಬ್ಬಳೇ. ಡಾಕ್ಟರ್ ಇರುತ್ತಾರೆ, ಆದರೆ ಹೆರಿಗೆ ಕಷ್ಟವಾದರೆ ಅವರು ಅತ್ತ ಓಡಬೇಕು.

ಕಳೆದ ಬೇಸಿಗೆಯ ಒಂದು ರಾತ್ರಿ ಹಾಗೇ ಆಯಿತು. ಅಡಿಕೆ ತೋಟದ ಕೆಲಸದವರೊಬ್ಬರು ನಾಲ್ಕು ದಿನದ ಜ್ವರ ಅಂತ ಬಂದಿದ್ದರು. ವಸಡಿನಲ್ಲಿ ರಕ್ತ. ಅವರಿಗೆ ಡ್ರಿಪ್ ಹಾಕುತ್ತಿದ್ದಾಗಲೇ 108 ಬಂತು. ಬೈಕ್ ಆಕ್ಸಿಡೆಂಟ್ ಆದ ಹುಡುಗ. ತೊಡೆ ಮೂಳೆ ಮುರಿದಿತ್ತು, ಪ್ಯಾಂಟ್ ಪೂರ್ತಿ ರಕ್ತದಲ್ಲಿ ನೆಂದಿತ್ತು. ಎರಡು ಮಂಚದ ನಡುವೆ ಇದ್ದದ್ದು ಒಂದು ಪರದೆ.

ಗಾಯ ಒತ್ತಿ ಹಿಡಿಯಬೇಕು. ಆಕ್ಸಿಜನ್ ಹಾಕಬೇಕು. ದಪ್ಪ ಸೂಜಿಯ ಎರಡು ಡ್ರಿಪ್ ಲೈನ್ ಬೇಕು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಪೆಟ್ಟಾದ 3 ಗಂಟೆಯೊಳಗೆ ಹೋಗಬೇಕು. ಅಷ್ಟರಲ್ಲಿ ಆ ಕಡೆಯ ಜ್ವರದವರು ವಾಂತಿ ಮಾಡಿಕೊಂಡರು. ಅತ್ತ ಹೋಗುವ ಮುಂಚೆ ಗ್ಲೌಸ್ ತೆಗೆದು ಕೈ ತೊಳೆಯಬೇಕು, ಬರುವಾಗ ಮತ್ತೆ ತೊಳೆಯಬೇಕು. ನಮಗೆ ಕಲಿಸಿದ್ದು ಹಾಗೆ. ಅಲ್ಲಿಯ ತನಕ ಗಾಯ ಹಿಡಿಯುವವರು ಯಾರು? ಅವತ್ತು ಹುಡುಗನ ಚಿಕ್ಕಪ್ಪನ ಕೈಗೇ ಗ್ಲೌಸ್ ಹಾಕಿಸಿ ನಿಲ್ಲಿಸಿದೆ. ಪಾಪ, ಅವರ ಕೈ ನಡುಗುತ್ತಿತ್ತು. ಇಬ್ಬರೂ ಉಳಿದರು, ನಮ್ಮ ಪುಣ್ಯ.

ಇಂಥ ಜ್ವರ ಅಂದರೆ ನಮಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗು ಅನ್ನುವ ಹುಳ ಕಚ್ಚಿ ಬರುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, ನಮಗೆ ಹೊಸದಲ್ಲ. ಆದರೆ ಬಂದವರಿಗೆ ಇರುವುದು ಅದೇ ಅಂತ ರಾತ್ರಿ ಎರಡು ಗಂಟೆಗೆ ಹಣೆ ಮೇಲೆ ಬರೆದಿರುತ್ತದಾ? 2018ರಲ್ಲಿ ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಫಾ ವೈರಸ್ ಅಂತ ಗೊತ್ತಾಗುವ ಮುಂಚೆಯೇ ರೋಗಿಯ ಆರೈಕೆ ಮಾಡಿ, ಅದೇ ಸೋಂಕು ತಗುಲಿ ತಾವೇ ತೀರಿಕೊಂಡರು. ಅದೂ ನಮ್ಮಂಥದ್ದೇ ಆಸ್ಪತ್ರೆ ಅಲ್ವಾ?

ವೆಂಟಿಲೇಟರ್ ಬಂದಾಗ ಫೋಟೋ ತೆಗೆಯುತ್ತಾರೆ, ಸಂತೋಷ. ನಾನು ಕೇಳುವುದು ಕಡಿಮೆ ಖರ್ಚಿನದು. ಜ್ವರದವರಿಗೆ ಕಿಟಕಿ ಇರುವ ಬೇರೆ ಕೋಣೆ, ಅಲ್ಲೇ ಒಂದು ನಲ್ಲಿ. ಎನ್‌95 ಮಾಸ್ಕ್ ಬೀರುವಿನಲ್ಲಿ ಬೀಗದೊಳಗಲ್ಲ, ಕೈಗೆ ಸಿಗುವಲ್ಲಿ. ಮುಖ್ಯವಾಗಿ, ರಾತ್ರಿ ಕ್ಯಾಶುಯಾಲಿಟಿಗೆ ಇಬ್ಬರು ನರ್ಸ್.

ವರ್ಷವಿಡೀ ಆಗದಿದ್ದರೆ, ಮಂಗನ ಕಾಯಿಲೆ ಜಾಸ್ತಿ ಇರುವ ಡಿಸೆಂಬರ್‌ನಿಂದ ಮೇ ತನಕವಾದರೂ ಕೊಡಿ.

ಇಂತಿ,
ಒಬ್ಬ ಸ್ಟಾಫ್ ನರ್ಸ್