ದಾರಿಯಲ್ಲಿ ಹೋಗುವವರನ್ನು ತಡೆಯಿರಿ ಅಂತ ನಾವು ಹೇಳಿರಲಿಲ್ಲ

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಬಡಾವಣೆಯ ರಾತ್ರಿ ಗಸ್ತು ವಹಿಸಿಕೊಂಡಿರುವ ಸೆಕ್ಯೂರಿಟಿ ಏಜೆನ್ಸಿ,
ಮಂಗಳೂರು.

ಇಂದ:
ಖಜಾಂಚಿ, ನಿವಾಸಿಗಳ ಸಂಘ,
ಬೊಂದೆಲ್ ಸಮೀಪ, ಮಂಗಳೂರು.

ದಿನಾಂಕ: 10 ಮಾರ್ಚ್ 2025

ವಿಷಯ: ಸಾರ್ವಜನಿಕ ರಸ್ತೆಯಲ್ಲಿ ಜನರನ್ನು ತಡೆಯುವುದು, ಪೊಲೀಸರಂತೆ ಕಾಣುವ ಯೂನಿಫಾರ್ಮ್, ಸುಳ್ಳು ಗಸ್ತು ದಾಖಲೆ ಮತ್ತು ಗಾರ್ಡ್‌ಗಳ ದುಡಿಮೆಯ ಬಗ್ಗೆ ದೂರು

ಮಾನ್ಯರೇ,

ಫೆಬ್ರವರಿ 18ರ ಬೆಳಗಿನ ಜಾವ ನಾಲ್ಕೂ ಮುಕ್ಕಾಲಕ್ಕೆ ನಿಮ್ಮ ಇಬ್ಬರು ಗಾರ್ಡ್‌ಗಳು ನಮ್ಮ ಎರಡನೇ ಅಡ್ಡರಸ್ತೆಯಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದರು. ಮುಖಕ್ಕೆ ಟಾರ್ಚ್ ಹಾಕಿದರು. ಆಧಾರ್ ಕೇಳಿದರು. ಕೈಚೀಲ ತೆಗೆಸಿ ನೋಡಿದರು. ಯಾರ ಮನೆಗೆ ಬಂದದ್ದು, ಯಾಕೆ ಈ ಹೊತ್ತಿಗೆ, ಅಂತ ಇಪ್ಪತ್ತು ನಿಮಿಷ ಕೇಳಿದರು. ಆಕೆಗೆ ತುಳು ಬಿಟ್ಟರೆ ಸ್ವಲ್ಪ ಕನ್ನಡ ಬರುತ್ತದೆ. ನಿಮ್ಮ ಗಾರ್ಡ್‌ಗಳಿಗೆ ತುಳು ಬರುವುದಿಲ್ಲ.

ಆಕೆ ನಮಗೆ ಹದಿನೆಂಟು ವರ್ಷದಿಂದ ಮೀನು ತಂದು ಕೊಡುವ ಅಕ್ಕ. ಮನೆ ಇರುವುದು ಬಡಾವಣೆಯ ಹಿಂದಿನ ಓಣಿಯಲ್ಲಿ. ಅಲ್ಲಿಂದ ನಮ್ಮ ರಸ್ತೆ ದಾಟಿ ಮುಖ್ಯ ರಸ್ತೆಗೆ ಹೋದರೆ ಇನ್ನೂ ನಾಲ್ಕು ಜನರ ಜೊತೆ ಗೂಡ್ಸ್ ರಿಕ್ಷಾ ಸಿಗುತ್ತದೆ. ಅದರಲ್ಲಿ ದಕ್ಕೆಗೆ, ಅಂದರೆ ಮೀನುಗಾರಿಕಾ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ಕೊಂಡು, ಹತ್ತು ಗಂಟೆಯ ಒಳಗೆ ನಮ್ಮ ಗೇಟಿಗೆ ಬರುತ್ತಾರೆ. ಅವತ್ತು ರಿಕ್ಷಾ ಹೊರಟು ಹೋಗಿತ್ತು. ಇನ್ನೊಂದು ಹಿಡಿದು ಹೋಗುವಾಗ ಒಳ್ಳೆಯ ಮೀನೆಲ್ಲ ಮುಗಿದಿತ್ತು. ಖಾಲಿ ಬುಟ್ಟಿ ಹಿಡಿದು ವಾಪಸ್ ಬಂದರು. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ ಇರುವ ಊರಿದು. ಉಳಿದ ಹತ್ತು ತಿಂಗಳಲ್ಲೇ ಅವರು ವರ್ಷದ ಅನ್ನ ದುಡಿಯಬೇಕು. ಒಂದು ದಿನ ಹೋದರೆ ಹೋಯಿತು.

ಮರುದಿನ ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟೇ. "ಪೊಲೀಸ್ ಅಂದುಕೊಂಡೆ ಅಮ್ಮ. ಅದಕ್ಕೇ ನಿಂತೆ." ಈಗ ಅವರು ನಮ್ಮ ರಸ್ತೆಯಲ್ಲಿ ಬರುವುದಿಲ್ಲ. ಕತ್ತಲಲ್ಲಿ ಒಂದು ಕಿಲೋಮೀಟರ್ ಜಾಸ್ತಿ ಸುತ್ತಿ ನಡೆಯುತ್ತಾರೆ. ಅರವತ್ತು ದಾಟಿದ ಹೆಂಗಸು.

ನಾನು ತಕ್ಷಣ ನಿಮ್ಮ ಫೀಲ್ಡ್ ಆಫೀಸರ್‌ಗೆ ಫೋನ್ ಮಾಡಿದೆ. ಗಾರ್ಡ್‌ಗಳು ತಪ್ಪು ಮಾಡಿದರು ಅಂತ ಅವರು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ. "ಮೇಡಂ, ಗೊತ್ತಿಲ್ಲದವರನ್ನು ನಿಲ್ಲಿಸಿ ಕೇಳುವುದೇ ನಮ್ಮ ಡ್ಯೂಟಿ. ಪ್ರತಿ ತಿಂಗಳು ರಿಪೋರ್ಟಿನಲ್ಲಿ ಲೆಕ್ಕ ಕೊಡ್ತೇವೆ ಅಲ್ವಾ?" ಎಂದರು.

ಹೌದು, ಕೊಡುತ್ತೀರಿ. ನಾನು ಫೈಲ್ ತೆಗೆದು ನೋಡಿದೆ. ಜನವರಿಯ ರಿಪೋರ್ಟಿನಲ್ಲಿ "ವಿಚಾರಿಸಿದ ಅಪರಿಚಿತರು: 41" ಅಂತ ಒಂದು ಸಾಲು ಇದೆ. ಆ ಹಾಳೆಯನ್ನು ನಾನೇ ಓದಿದ್ದೆ. ಟಿಕ್ ಹಾಕಿ ಬಿಲ್ ಪಾಸ್ ಮಾಡಿದ್ದೆ. ಆ 41 ಜನ ಯಾರು ಅಂತ ಕೇಳಲೇ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬಳು. ಇದು ನನ್ನ ಮನಸ್ಸಿಗೆ ತುಂಬ ನೋವು ಕೊಟ್ಟಿದೆ. ಈ ಪತ್ರ ಇಷ್ಟು ಉದ್ದ ಆಗಿರುವುದೂ ಅದಕ್ಕೇ.

ಆಮೇಲೆ ಎರಡು ವಾರ ಮನೆ ಮನೆಗೆ ಹೋಗಿ ಕೇಳಿದೆ. ಒಬ್ಬೊಬ್ಬರೇ ಸಿಕ್ಕಿದರು. ಮೂಲೆಮನೆಯಲ್ಲಿ ಬಾಡಿಗೆಗೆ ಇರುವ ನರ್ಸ್ ಹುಡುಗಿ, ನೈಟ್ ಡ್ಯೂಟಿಯಿಂದ ಬರುವಾಗ ಮೂರು ಸಲ ನಿಲ್ಲಿಸಿದ್ದಾರೆ. ಒಂದು ಸಲ ಅವಳ ಮೊಬೈಲ್ ನಂಬರನ್ನೂ ಬರೆದುಕೊಂಡಿದ್ದಾರೆ. ಆ ನಂಬರ್ ಈಗ ಎಲ್ಲಿದೆ? ಪೇಪರ್ ಹಾಕುವ ಹುಡುಗ ಇದ್ದಾನೆ. ಕಾರ್ಕಳ ಕಡೆ ಯಕ್ಷಗಾನದ ಆಟ ನೋಡಿ ಬೆಳಗ್ಗೆ ಬೈಕಿನಲ್ಲಿ ಬಂದ ಅಪ್ಪ, ಮಗ ಇದ್ದಾರೆ. ರಾತ್ರಿ ರೈಲಿನಿಂದ ಇಳಿದು ಅಣ್ಣನ ಮನೆಗೆ ಬಂದವರಿದ್ದಾರೆ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ಈ ಊರು ರಾತ್ರಿ ಮಲಗುವುದಿಲ್ಲ. ಆಟ, ದೈವಗಳ ಕೋಲ, ನೇಮ ಅಂತ ಜನ ಓಡಾಡುತ್ತಲೇ ಇರುತ್ತಾರೆ. ರಾತ್ರಿ ನಡೆಯುವವರೆಲ್ಲ ಕಳ್ಳರು ಅಂತ ಇಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನಾನು ಕೇಳಿದವರಲ್ಲಿ ಕಳ್ಳ ಅಂತ ಒಬ್ಬನೂ ಸಿಗಲಿಲ್ಲ.

ನಿಮ್ಮನ್ನು ಯಾಕೆ ಕರೆದೆವು ಅನ್ನುವುದನ್ನೂ ಹೇಳಬೇಕು. 2024ರ ಜುಲೈಯಲ್ಲಿ ನಗರದಲ್ಲಿ ಚಡ್ಡಿ ಗ್ಯಾಂಗ್ ದರೋಡೆ ಆದಾಗ ನಮಗೆಲ್ಲ ನಿಜವಾಗಿ ಭಯವಾಗಿತ್ತು. ಇಲ್ಲಿನ 62 ಮನೆಗಳಲ್ಲಿ ಹೆಚ್ಚಿನವುಗಳಲ್ಲಿ ವಯಸ್ಸಾದವರೇ ಇದ್ದೇವೆ. ಮಕ್ಕಳು ದುಬೈ, ಬೆಂಗಳೂರು, ಮುಂಬಯಿಯಲ್ಲಿ. ಕೆಲವು ಮನೆಗಳಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ಮಳೆ ಜೋರಾಗಿ ಹೊಯ್ಯುವ ರಾತ್ರಿ ಹಿತ್ತಲಿನಲ್ಲಿ ಯಾರು ಏನು ಮಾಡಿದರೂ ಒಳಗೆ ಕೇಳುವುದಿಲ್ಲ. ಅದಕ್ಕಾಗಿ ಮನೆಗೆ ತಿಂಗಳಿಗೆ 700 ರೂಪಾಯಿ ಹಾಕಿ, ಅಕ್ಟೋಬರ್‌ನಿಂದ ನಿಮಗೆ 36,000 ರೂಪಾಯಿ ಮತ್ತು 18 ಶೇಕಡಾ ಜಿಎಸ್‌ಟಿ ಸೇರಿ 42,480 ರೂಪಾಯಿ ಕೊಡುತ್ತಿದ್ದೇವೆ. ಬೀಗ ಹಾಕಿದ ಗೇಟು ನೋಡಿ, ಹಿತ್ತಲ ಕಡೆ ಒಂದು ಬೆಳಕು ಹಾಯಿಸಿ, ಅನುಮಾನ ಬಂದರೆ ನಮಗೆ ಫೋನ್ ಮಾಡಿ, 112ಕ್ಕೆ ತಿಳಿಸಿ. ನಾವು ಕೇಳಿದ್ದು ಇಷ್ಟೇ. ಒಪ್ಪಂದದಲ್ಲಿಯೂ ಇಷ್ಟೇ ಬರೆದಿದೆ.

ರಸ್ತೆ ನಮ್ಮದಲ್ಲ. ಅದು ಮಹಾನಗರ ಪಾಲಿಕೆಯ ರಸ್ತೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಸಾರ್ವಜನಿಕ ರಸ್ತೆ ಪಾಲಿಕೆಗೆ ಸೇರಿದ್ದು ಅಂತ ಸ್ಪಷ್ಟವಾಗಿದೆ. ಅಡ್ಡ ಇಟ್ಟದ್ದನ್ನು ತೆಗೆಸುವ ಅಧಿಕಾರವೂ ಪಾಲಿಕೆಗೆ ಇದೆ. ಡಿಸೆಂಬರ್‌ನಲ್ಲಿ ನೀವು ಎರಡು ಡ್ರಮ್ ಇಟ್ಟು ಅದರ ಮೇಲೆ ಕಬ್ಬಿಣದ ಪೈಪ್ ಅಡ್ಡ ಹಾಕಿದಿರಿ. ಯಾರ ಅನುಮತಿ ಕೇಳಿದಿರಿ? ನಮ್ಮ ಸಂಘವನ್ನು ಕೇಳಲಿಲ್ಲ. ಕೇಳಿದ್ದರೂ ಕೊಡುವ ಅಧಿಕಾರ ನಮಗಿಲ್ಲ. ಜನವರಿಯಲ್ಲಿ ಎದೆನೋವು ಬಂದ ಒಬ್ಬ ಹಿರಿಯರನ್ನು ಕರೆದೊಯ್ಯಲು ಬಂದ ಆಂಬುಲೆನ್ಸ್ ಆ ಪೈಪಿನ ಮುಂದೆ ನಿಂತು ಹಾರ್ನ್ ಹೊಡೆಯಬೇಕಾಯಿತು. ಪೈಪ್ ಎತ್ತಲು ಅಲ್ಲಿ ಯಾರೂ ಇರಲಿಲ್ಲ. ದೇವರ ದಯೆ, ಹಿರಿಯರು ಉಳಿದರು.

ಇನ್ನು ಯೂನಿಫಾರ್ಮ್. ಖಾಕಿ ಅಂಗಿ, ಭುಜದ ಮೇಲೆ ನಕ್ಷತ್ರ, ಬೈಕಿಗೆ ಕೆಂಪು ಮತ್ತು ನೀಲಿ ಮಿನುಗುವ ದೀಪ. ಮೀನಿನ ಅಕ್ಕ ಪೊಲೀಸ್ ಅಂದುಕೊಂಡದ್ದು ಸುಮ್ನೆ ಅಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005 ಇದರ ಬಗ್ಗೆ ಕಟ್ಟುನಿಟ್ಟಾಗಿದೆ. ಸೈನ್ಯದ, ಪೊಲೀಸರ ಉಡುಪನ್ನು ಅಥವಾ ಅದರಂತೆಯೇ ಕಾಣುವ ಉಡುಪನ್ನು ಗಾರ್ಡ್ ಹಾಕಿಕೊಂಡರೆ 21ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದು ಗಾರ್ಡ್‌ಗೆ ಮಾತ್ರ ಅಲ್ಲ, ಏಜೆನ್ಸಿಯ ಮಾಲಕರಿಗೂ ಅನ್ವಯಿಸುತ್ತದೆ. ಆ ಬಣ್ಣಬಣ್ಣದ ದೀಪವೂ ಪೊಲೀಸ್, ಅಗ್ನಿಶಾಮಕ ದಳದಂಥ ತುರ್ತು ಕೆಲಸದ ವಾಹನಗಳಿಗೆ ಇರುವುದು, ಖಾಸಗಿ ಬೈಕಿಗೆ ಅಲ್ಲ.

ಗಾರ್ಡ್‌ಗೆ ಜನರ ಚೀಲ ಬಿಚ್ಚಿಸುವ ಹಕ್ಕೂ ಇಲ್ಲ, ಗುರುತು ಚೀಟಿ ಕೊಡಿ ಅಂತ ಒತ್ತಾಯಿಸುವ ಹಕ್ಕೂ ಇಲ್ಲ. ನಿಮಗಾಗಲಿ ನನಗಾಗಲಿ ಕಾನೂನು ಕೊಟ್ಟಿರುವುದು ಒಂದೇ. ಕಣ್ಣೆದುರೇ, ಜಾಮೀನು ಹಕ್ಕಾಗಿ ಸಿಗದಂಥ ಗಂಭೀರ ಅಪರಾಧ ನಡೆದರೆ ಆ ವ್ಯಕ್ತಿಯನ್ನು ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂನಲ್ಲಿ ಅದಕ್ಕೂ ಆರು ಗಂಟೆಯ ಗಡುವು ಇದೆ. ಬುಟ್ಟಿ ಹಿಡಿದು ದಕ್ಕೆಗೆ ಹೋಗುವುದು ಯಾವ ಅಪರಾಧ?

ಈಗ ನನಗೆ ತುಂಬ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ದಾರಿಹೋಕರ ಮೇಲೆ ಇಷ್ಟು ಕಣ್ಣಿಟ್ಟ ನೀವು ಮನೆಗಳನ್ನಾದರೂ ನೋಡಿಕೊಂಡಿರಾ? ಜನವರಿ 27ರ ರಾತ್ರಿ, ಮಸ್ಕತ್‌ನಲ್ಲಿರುವವರ ಬೀಗ ಹಾಕಿದ ಮನೆಯ ಹಿಂಬಾಗಿಲಿನ ಗ್ರಿಲ್ ಕತ್ತರಿಸಿದ್ದರು. ಒಳಗೆ ಹೋಗಲು ಆಗಲಿಲ್ಲ, ಏನೂ ಕಳವಾಗಲಿಲ್ಲ. ಗಸ್ತು ಬಂದದ್ದಕ್ಕೆ ಗುರುತಾಗಿ ಗಾರ್ಡ್ ಪ್ರತಿ ಸಲ ಗೇಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು; ನಿಮ್ಮ ದಾಖಲೆ ನೋಡಿದರೆ ಆ ಮನೆಯ ಕೋಡನ್ನು 2.10ಕ್ಕೆ, 3.05ಕ್ಕೆ, 4 ಗಂಟೆಗೆ ಸ್ಕ್ಯಾನ್ ಮಾಡಿದ್ದಾರೆ. ನಮ್ಮ ಮನೆಯ ಕ್ಯಾಮೆರಾ ಅದೇ ರಸ್ತೆಗೆ ಮುಖ ಮಾಡಿದೆ. ರಾತ್ರಿ 12.50ರಿಂದ ಬೆಳಗ್ಗೆ 5.20ರವರೆಗೆ ಒಂದು ಬೈಕೂ ಹಾದುಹೋಗಿಲ್ಲ. ಕುಳಿತು ಪೂರ್ತಿ ನೋಡಿದ್ದೇನೆ.

ಗಾರ್ಡ್‌ನನ್ನು ಕೇಳಿದೆ. ಇಪ್ಪತ್ತೆರಡು ವರ್ಷದ ಹುಡುಗ. ಮೊದಲು ತಲೆ ತಗ್ಗಿಸಿದ, ಆಮೇಲೆ ಮೊಬೈಲ್ ತೋರಿಸಿದ. ಹನ್ನೆರಡು ಗೇಟುಗಳ ಕ್ಯೂಆರ್ ಕೋಡುಗಳ ಫೋಟೋ ಅದರಲ್ಲಿ ಇತ್ತು. ಬಸ್ ಸ್ಟಾಪಿನಲ್ಲಿ ಕುಳಿತು ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಸ್ಕ್ಯಾನ್ ಮಾಡುತ್ತಾರಂತೆ. ಯಾಕೆ ಅಂದರೆ, ಅವನಿಗೆ ನಿದ್ದೆ ಇಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಮ್ಮಲ್ಲಿ. 8ರಿಂದ ಸಂಜೆ 4ರವರೆಗೆ ನಿಮ್ಮದೇ ಇನ್ನೊಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ವಾರದ ರಜೆ ಇಲ್ಲ. ಹದಿನಾರು ಗಂಟೆ ದುಡಿಯುವ ಹುಡುಗನ ಕೈಗೆ ತಿಂಗಳಿಗೆ ಬರುವುದು 13,000 ರೂಪಾಯಿ. ಜನವರಿಯಲ್ಲಿ ಜ್ವರ ಬಂದಾಗ ತನ್ನ ದುಡ್ಡಿನಲ್ಲೇ ಔಷಧಿ ತಂದಿದ್ದಾನೆ. ನಿಮ್ಮ ಬಿಲ್ಲಿನಲ್ಲಿ ಪಿಎಫ್ ಅಂತ ಒಂದು ಸಾಲು, ನೌಕರರ ಚಿಕಿತ್ಸೆಗೆ ಇರುವ ವಿಮೆ ಇಎಸ್‌ಐಗೆ 3.25 ಶೇಕಡಾ ಅಂತ ಇನ್ನೊಂದು ಸಾಲು ಪ್ರತಿ ತಿಂಗಳೂ ಇದೆ. ನಾವು ಅದನ್ನು ಕೊಟ್ಟಿದ್ದೇವೆ. ಅವನ ಹತ್ತಿರ ಇಎಸ್‌ಐ ಕಾರ್ಡೇ ಇಲ್ಲ. ಆ ಹಣ ಎಲ್ಲಿಗೆ ಹೋಯಿತು?

ತರಬೇತಿ ಎಷ್ಟು ದಿನ ಆಯಿತು ಅಂತ ಕೇಳಿದೆ. "ಒಂದು ದಿನ, ಸೆಲ್ಯೂಟ್ ಹೊಡೆಯಲು ಕಲಿಸಿದರು" ಎಂದ. ಕೇಂದ್ರದ ಮಾದರಿ ನಿಯಮದಲ್ಲಿ ಹೊಸ ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ಅಭ್ಯಾಸ, ಕನಿಷ್ಠ 20 ಕೆಲಸದ ದಿನ ಅಂತ ಇದೆ. ಜನರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು, ಪ್ರಥಮ ಚಿಕಿತ್ಸೆ ಹೇಗೆ, ಎಲ್ಲ ಅದರಲ್ಲಿ ಬರುತ್ತದೆ. ಇದನ್ನೆಲ್ಲ ಕಲಿಸಿದ್ದರೆ ಆ ಹುಡುಗ ಅವತ್ತು ಮೀನಿನ ಅಕ್ಕನ ಮುಖಕ್ಕೆ ಟಾರ್ಚ್ ಹಾಕುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅಪರಿಚಿತರ ಲೆಕ್ಕ ಕಡಿಮೆ ಆದರೆ ಸೂಪರ್‌ವೈಸರ್ ಬೈಯುತ್ತಾರೆ ಅಂತಲೂ ಅವನು ಹೇಳಿದ. ಹಾಗಾಗಿ ನಾನು ಅವನ ಮೇಲೆ ದೂರು ಕೊಡುತ್ತಿಲ್ಲ. ದೂರು ನಿಮ್ಮ ಮೇಲೆ.

ನಿಮ್ಮ ಕಚೇರಿಗೂ ಹೋಗಿ ಬಂದೆ. ಲೈಸನ್ಸ್ ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು ಅಂತ 2005ರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು, ಲೈಸನ್ಸ್ ಇರಲಿಲ್ಲ. ಕೇಳಿದ್ದಕ್ಕೆ "ರಿನ್ಯೂವಲ್‌ಗೆ ಹೋಗಿದೆ" ಅಂದರು. ಅದರ ಪ್ರತಿಯಾದರೂ ತೋರಿಸಿ ಅಂದೆ. ಇವತ್ತಿಗೂ ಬಂದಿಲ್ಲ. ಲೈಸನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ನಿಮ್ಮ ಹತ್ತಿರ ಲೈಸನ್ಸ್ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದರೆ ತೋರಿಸಲು ಏನು ಕಷ್ಟ?

ನಮಗೆ ಬೇಕಾದದ್ದು ಹೇಳುತ್ತೇನೆ. ಪೈಪ್, ಡ್ರಮ್ ನಾಳೆಯೇ ತೆಗೆಯಿರಿ. ದೀಪ ಬಿಚ್ಚಿ, ಖಾಕಿ ಬದಲಿಸಿ, ನಿಮ್ಮ ಏಜೆನ್ಸಿಯ ಹೆಸರು ಕಾಣುವ ಬೇರೆ ಬಣ್ಣದ ಯೂನಿಫಾರ್ಮ್ ಮತ್ತು ಫೋಟೋ ಇರುವ ಗುರುತು ಚೀಟಿ ಕೊಡಿ. ರಸ್ತೆಯಲ್ಲಿ ಯಾರನ್ನೂ ತಡೆಯಬಾರದು, ಯಾರ ನಂಬರನ್ನೂ ಬರೆದುಕೊಳ್ಳಬಾರದು. ಇದುವರೆಗೆ ಬರೆದುಕೊಂಡ ಪುಸ್ತಕವನ್ನು ನಮ್ಮ ಸಂಘಕ್ಕೆ ಒಪ್ಪಿಸಿ. ಲೈಸನ್ಸ್, ತರಬೇತಿಯ ಸರ್ಟಿಫಿಕೇಟ್, ಪೊಲೀಸ್ ವೆರಿಫಿಕೇಶನ್, ಪಿಎಫ್ ಮತ್ತು ಇಎಸ್‌ಐ ಕಟ್ಟಿದ ರಶೀದಿ ಇವಿಷ್ಟರ ಪ್ರತಿ ಮಾರ್ಚ್ 25ರ ಒಳಗೆ ಬರಬೇಕು. ಅಲ್ಲಿಯವರೆಗೆ ಈ ತಿಂಗಳ ಬಿಲ್ ಪಾವತಿ ಆಗುವುದಿಲ್ಲ. ಬಾರದೇ ಹೋದರೆ ಒಪ್ಪಂದದಲ್ಲಿರುವ 30 ದಿನಗಳ ನೋಟಿಸ್ ಕೊಡುತ್ತೇವೆ. ದಾಖಲೆಗಳನ್ನು ಲೈಸನ್ಸ್ ಕೊಡುವ ರಾಜ್ಯದ ಪ್ರಾಧಿಕಾರಕ್ಕೂ ಕಳಿಸುತ್ತೇವೆ.

ಆ ಹುಡುಗನನ್ನು ಈ ಪತ್ರದ ಕಾರಣಕ್ಕೆ ಕೆಲಸದಿಂದ ತೆಗೆಯಬೇಡಿ. ಎರಡರಲ್ಲಿ ಒಂದು ಡ್ಯೂಟಿ ಬಿಡಿಸಿ. ನಿದ್ದೆಗೆ ಸಮಯ ಕೊಡಿ, ಮಳೆಗಾಲಕ್ಕೆ ಮೊದಲು ಒಳ್ಳೆಯ ರೈನ್‌ಕೋಟ್ ಕೊಡಿ. ಸಂಬಳ ಜಾಸ್ತಿ ಮಾಡಬೇಕಾದರೆ ಮನೆಗೆ ಇನ್ನೂ ನೂರು ರೂಪಾಯಿ ಹಾಕಲು ನಾವು ಸಿದ್ಧ, ಆದರೆ ಅದು ಅವನ ಕೈಗೆ ಸೇರಿದ ಲೆಕ್ಕ ನಮಗೆ ಬೇಕು.

ಮತ್ತೆ ಮೀನಿನ ಅಕ್ಕನಿಗೆ ಅವತ್ತಿನ ದುಡಿಮೆಯ ಹಣ ಕೊಡಬೇಕು. ಕವರಿನಲ್ಲಿ ಹಾಕಿ ಗಾರ್ಡ್ ಕೈಯಲ್ಲಿ ಕಳಿಸಬೇಡಿ. ನೀವೇ ಬನ್ನಿ. ಅವರು ಬೆಳಗ್ಗೆ ಹತ್ತಕ್ಕೆ ನಮ್ಮ ಗೇಟಿನ ಹತ್ತಿರ ಇರುತ್ತಾರೆ. ತುಳುವಿನಲ್ಲಿ ಮಾತಾಡಲು ನಾನು ಜೊತೆಗಿರುತ್ತೇನೆ.

ಇತಿ,
ಖಜಾಂಚಿ,
ನಿವಾಸಿಗಳ ಸಂಘ

ಪ್ರತಿ: ಆಯುಕ್ತರು, ಮಂಗಳೂರು ಮಹಾನಗರ ಪಾಲಿಕೆ (ರಸ್ತೆಯ ಅಡ್ಡಪೈಪ್ ಬಗ್ಗೆ), ನಮ್ಮ ವ್ಯಾಪ್ತಿಯ ಪೊಲೀಸ್ ಠಾಣೆ (ಯೂನಿಫಾರ್ಮ್, ದೀಪ ಮತ್ತು ಜನವರಿ 27ರ ಕ್ಯಾಮೆರಾ ದೃಶ್ಯದ ಬಗ್ಗೆ)