ಸಂಪಿನ ಹೂಳು ತೆಗೆದ ಐದು ದಿನ

ಸಂಪಾದಕರಿಗೆ ನಮಸ್ಕಾರ,

ಈಗಿನ ಹುಡುಗ್ರಿಗೆ ಮೊಬೈಲ್ ಬಿಟ್ರೆ ಬೇರೇನೂ ಗೊತ್ತಿಲ್ಲ ಅಂತ ಎಲ್ರೂ ಅಂತಾರಲ್ಲ, ಅದಕ್ಕೇ ಈ ಪತ್ರ. ಈ ಬೇಸಿಗೆ ರಜೆಯಲ್ಲಿ ದಾವಣಗೆರೆಯ ನಮ್ಮ ಚರ್ಚಿನ ಯೂತ್ ಗ್ರೂಪಿಂದ ಹದಿನಾಲ್ಕು ಜನ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಐದು ದಿನ ಸೇವೆಗೆ ಹೋಗಿದ್ವಿ. ಮಕ್ಕಳಿಗೆ ಹಾಡು ಕಲಿಸೋದು, ನೋಟ್‌ಬುಕ್ ಹಂಚೋದು ಅಂತೆಲ್ಲಾ ಪ್ಲಾನ್ ಹಾಕಿದ್ವಿ, ಆದ್ರೆ ಅಲ್ಲಿನ ಮೇಷ್ಟ್ರು ನಮ್ಮ ಪಾಸ್ಟರ್‌ಗೆ ಫೋನಲ್ಲೇ ಹೇಳಿದ್ರಂತೆ, "ನೋಟ್‌ಬುಕ್ ಅದಾವೆ ಸಾರ್, ಆದ್ರೆ ನಮ್ ಸ್ಕೂಲಿನ ಮಳೆನೀರಿನ ಸಂಪು ಕ್ಲೀನ್ ಮಾಡ್ಕೊಡ್ರಿ".

ಆ ಸಂಪು ಯಾಕೆ ಅಷ್ಟು ಮುಖ್ಯ ಅಂತ ಹೋದ್ಮೇಲೆ ಗೊತ್ತಾಯ್ತು. ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮಿತಿ ಮೀರಿದ್ರೆ ಹಲ್ಲು ಮೂಳೆ ಕೆಡಿಸೋ ಲವಣ ಅದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ, ಕಾಯಿಸಿದ್ರೂ ಹೋಗಲ್ಲ, ನೀರು ಆವಿಯಾದಂಗೆಲ್ಲಾ ಉಳಿದ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತೆ. ಒಬ್ಬಳು ಪುಟ್ಟ ಹುಡುಗಿ ನಗು ಬಂದಾಗೆಲ್ಲಾ ಕೈ ಅಡ್ಡ ಇಟ್ಕೊಳ್ತಿದ್ಲು, ನಾಚಿಕೆ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಹಲ್ಲೆಲ್ಲಾ ಕಂದು ಗೆರೆ. ಮಳೆನೀರಿಗೆ ಆ ತೊಂದ್ರೆ ಇಲ್ಲ. ಸಾವಿರ ಚದರಡಿ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಹೆಚ್ಚುಕಮ್ಮಿ 900 ಲೀಟರ್ ನೀರು, ಆದ್ರೆ ಅದನ್ನ ಹಿಡಿದಿಡೋ ಸಂಪಲ್ಲಿ ಮೊಣಕಾಲುದ್ದ ಹೂಳು.

ಮುಚ್ಚಳ ತೆಗೆದು ಒಂದು ದಿನ ಗಾಳಿ ಆಡಕ್ಕೆ ಬಿಟ್ಟು ಆಮೇಲೆ ಇಳಿದ್ವಿ. ವಾಸನೆ ಹೇಳೋದೇ ಬೇಡ, ಸತ್ತ ಓತಿಕ್ಯಾತ, ಕೊಳೆತ ಎಲೆ, ಒಬ್ರು ಸಲಿಕೇಲಿ ಪುಟ್ಟಿಗೆ ತುಂಬೋದು ಇನ್ನೊಬ್ರು ಮೇಲೆ ಎಳೆಯೋದು, ಎರಡನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. ಮನೇಲಿ ಒಂದು ಲೋಟ ತೊಳೀದೇ ಇರೋ ನಮ್ಮ ಹುಡುಗ್ರು ಒಂದು ಮಾತೂ ಗೊಣಗಲಿಲ್ಲ.

ಮೂರನೇ ದಿನ ಸಂಜೆ ಪಕ್ಕದ ಮನೆ ಅಜ್ಜಿ, ಮಂಡಿ ಮಡಚೋಕೂ ಆಗಲ್ಲ ಪಾಪ, ಗೋಡೆ ಹಿಡ್ಕೊಂಡು ಒಂದು ಬಿಂದಿಗೆ ನೀರು ತಂದು "ಬಾರವ್ವ ಕಾಲು ತೊಳ್ಕ" ಅಂದ್ರು. ಬೇಡಜ್ಜಿ ಕುಡಿಯೋಕೆ ಇಟ್ಕೊಳ್ಳಿ ಅಂದ್ರೂ ಕೇಳಲಿಲ್ಲ, ಹದಿನಾಲ್ಕು ಜನಕ್ಕೂ ಒಬ್ಬೊಬ್ಬರಿಗಾಗಿ ಚೊಂಬಲ್ಲಿ ನೀರು ಹಾಕಿದ್ರು. ಯೇಸು ಶಿಷ್ಯರ ಕಾಲು ತೊಳೆದದ್ದನ್ನ ಪವಿತ್ರ ಗುರುವಾರ ಪ್ರತಿ ವರ್ಷ ಚರ್ಚಲ್ಲಿ ಕೇಳ್ತೀನಿ, ಆದ್ರೆ ಅವತ್ತು ಆ ಕೆಸರುಗಾಲಲ್ಲಿ ನಿಂತಾಗ ಗಂಟಲು ಕಟ್ಟಿ ಬಂತು. ಸೇವೆ ಮಾಡೋಕೆ ಹೋದೋಳು ನಾನು, ಮಾಡಿದ್ದು ಅವ್ರು. ಅಷ್ಟು ಖುಷಿ ನಂಗೆ ಯಾವ ಟ್ರಿಪ್ಪಲ್ಲೂ ಸಿಕ್ಕಿಲ್ಲ.

ಅಲ್ಲಿ ನಾವು ಯಾರಿಗೂ ಧರ್ಮದ ಮಾತು ಹೇಳಲಿಲ್ಲ, ಬೆಳಗ್ಗೆ ನಾವು ನಾವೇ ಪ್ರಾರ್ಥನೆ ಮಾಡ್ಕೊಂಡು ಕೆಲಸಕ್ಕೆ ಇಳೀತಿದ್ವಿ ಅಷ್ಟೇ. ಸೇವೆಗೆ ಹೊರಡೋ ಬೇರೆ ಯುವಕರ ಗುಂಪುಗಳಿಗೂ ನನ್ನ ವಿನಂತಿ, ಏನು ಕೊಡೋಣ ಅಂತ ಇಲ್ಲೇ ಕೂತು ತೀರ್ಮಾನ ಮಾಡ್ಬೇಡಿ, ಊರೋರನ್ನ ಕೇಳಿ, ಅವ್ರು ಹೇಳಿದ್ದನ್ನ ಮಾಡಿ.

ಜೂನಲ್ಲಿ ಸೂರಿನ ಕೊಳೆ ತೊಳೆದ ಮೊದಲ ಮಳೆ ನೀರನ್ನ ಹೊರಗೆ ಬಿಟ್ಟು ಎರಡನೇ ಮಳೆಗೆ ಸಂಪು ಕಾಲುಭಾಗ ತುಂಬಿತು ಅಂತ ಮೇಷ್ಟ್ರು ಫೋನ್ ಮಾಡಿದ್ರು. ದಸರಾ ರಜೆಗೆ ಮತ್ತೆ ಹೋಗ್ತಿದೀವಿ, ಪಕ್ಕದ ಅಂಗನವಾಡಿ ಸೂರಿಗೂ ಪೈಪ್ ಕೂರಿಸ್ಬೇಕು. ಪ್ಲಂಬಿಂಗ್ ಗೊತ್ತಿರೋರು ಯಾವ ಜಾತಿ, ಯಾವ ಧರ್ಮದೋರಾದ್ರೂ ಬರ್ರಿ, ಊಟ ತಿಂಡಿ ನಮ್ದು.

– ಪದವಿ ವಿದ್ಯಾರ್ಥಿನಿ, ನಿಟುವಳ್ಳಿ, ದಾವಣಗೆರೆ