ನೀಲಿ ದ್ರಾವಣ ನಿಲ್ಲಿಸಿರುವ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ನಮ್ಮ ಸಂಘದ ಬಾಡಿಗೆಯ ಕ್ಯಾಂಪಿಂಗ್ ಟಾಯ್ಲೆಟ್‌ಗಳ ಜೊತೆ ನೀವು ಇಷ್ಟು ದಿನ ಒಯ್ಯುತ್ತಿದ್ದ, ಮಲಮೂತ್ರ ಸೇರುವ ಟ್ಯಾಂಕಿನಲ್ಲಿ ವಾಸನೆ ಬಾರದಂತೆ ಹಾಕುವ ನೀಲಿ ದ್ರಾವಣವನ್ನು ನಾವು ಸಂಪೂರ್ಣವಾಗಿ ನಿಲ್ಲಿಸಿದ್ದೇವೆ. ಅದರ ಜಾಗದಲ್ಲಿ ಬಂದಿರುವ ಹಸಿರು ದ್ರಾವಣವನ್ನು ನಿಮ್ಮಲ್ಲಿ ಹಲವರು ಈಗಾಗಲೇ ಬಳಸಿದ್ದೀರಿ, ಬಳಸಿದವರಲ್ಲಿ ಹಲವರು ಸಿಟ್ಟಾಗಿಯೂ ಇದ್ದೀರಿ. ಆ ಸಿಟ್ಟಿನಲ್ಲಿ ಒಂದು ಪಾಲು ನಮಗೆ ಸಲ್ಲಲೇಬೇಕು. ಬದಲಾವಣೆಯನ್ನು ಮುಂಚಿತವಾಗಿ ತಿಳಿಸಲಿಲ್ಲ. ಸಾಲದ್ದಕ್ಕೆ, ಮೊದಲ ಕಂತಿನ ಹಸಿರು ಬಾಟಲಿಗಳಿಗೆ ಹಳೆಯ ಚೀಟಿಗಳನ್ನೇ ಅಂಟಿಸಿ ಕಳಿಸಿದೆವು. ಚೀಟಿಯಲ್ಲಿ ಅಳತೆ ಒಂದು ಮುಚ್ಚಳ ಎಂದಿತ್ತು, ಬೇಕಾಗಿದ್ದದ್ದು ಎರಡು. ಅರ್ಧ ಅಳತೆಯ ದ್ರಾವಣವನ್ನು ನಂಬಿ ಡೇರೆಯಲ್ಲಿ ರಾತ್ರಿಗಳನ್ನು ಕಳೆದವರಲ್ಲಿ ಕ್ಷಮೆ ಕೇಳುತ್ತೇವೆ. ಆ ಕಂತಿನ ಬಾಟಲಿ ಯಾರ ಬಳಿಯಾದರೂ ಉಳಿದಿದ್ದರೆ ಹಣ ಪಡೆಯದೆ ಬದಲಿಸಿಕೊಡುತ್ತೇವೆ.

ಇನ್ನು ಉಳಿದ ಪಾಲಿನ ಮಾತು. ನಾವು ಹಣ ಉಳಿಸಲು ಅಗ್ಗದ ದ್ರಾವಣಕ್ಕೆ ಇಳಿದೆವು ಎಂಬ ಮಾತು ಸಂಘದ ಬಾಗಿಲಿಗೇ ಬಂದು ತಲುಪಿದೆ, ಅದೂ ನಮ್ಮನ್ನು ಮೊದಲಿನಿಂದ ಬಲ್ಲವರ ಬಾಯಿಂದ. ಇದು ನಮಗೆ ನೋವು ತಂದಿದೆ. ಹಸಿರು ದ್ರಾವಣ ನೀಲಿಗಿಂತ ದುಬಾರಿ. ಅದನ್ನು ಪ್ರತಿ ಸಲ ಎರಡರಷ್ಟು ಹಾಕಬೇಕಾದ್ದರಿಂದ ಬಾಟಲಿಯೂ ದೊಡ್ಡದು, ಸಾಗಣೆಯ ಭಾರವೂ ಹೆಚ್ಚು. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದರಿಂದ ನೀಲಿಯಂತೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡಲಾಗದು. ಅವಧಿ ಮುಗಿದ ಪೆಟ್ಟಿಗೆಗಳನ್ನು ನಾವೇ ನಷ್ಟಕ್ಕೆ ಬರೆದುಕೊಳ್ಳುತ್ತೇವೆ. ಇಷ್ಟಾದರೂ ಬಾಡಿಗೆಯನ್ನು ಏರಿಸಿಲ್ಲ. ಬಾಡಿಗೆ ಏರಿಸಿ, ಕಾರಣ ವಿವರಿಸಿ, ಕೈತೊಳೆದುಕೊಂಡಿದ್ದರೆ ಬಹುಶಃ ಇಷ್ಟು ಮಾತು ಕೇಳಬೇಕಾಗುತ್ತಿರಲಿಲ್ಲ ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ.

ನೀಲಿಯನ್ನು ಬಿಟ್ಟದ್ದಕ್ಕೆ ಕಾರಣ ಅದರಲ್ಲಿದ್ದ ಫಾರ್ಮಾಲ್ಡಿಹೈಡ್. ಅದು ಟ್ಯಾಂಕಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಬಹುಪಾಲು ಕೊಂದುಹಾಕುತ್ತದೆ. ಕೊಳೆಯುವ ಕೆಲಸವೇ ನಿಲ್ಲುವುದರಿಂದ ವಾಸನೆಯೂ ನಿಲ್ಲುತ್ತದೆ. ಕೆಲಸದ ಮಟ್ಟಿಗೆ ಅದರಲ್ಲಿ ದೋಷ ಹುಡುಕುವುದು ಕಷ್ಟ, ಆ ಮಾತನ್ನು ನಾವು ಮುಚ್ಚಿಡುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ನೀವು ವರ್ಷಕ್ಕೆ ನಾಲ್ಕು ಸಲ ಒಂದು ಮುಚ್ಚಳ ಸುರಿಯುತ್ತೀರಿ. ದೊಡ್ಡ ಕ್ಯಾನಿನಿಂದ ಚಿಕ್ಕ ಬಾಟಲಿಗಳಿಗೆ ದಿನವಿಡೀ ತುಂಬುವವರು ನಮ್ಮ ಕೆಲಸಗಾರರು. ತುಂಬುವ ದಿನ ಅವರ ಕಣ್ಣು ಉರಿಯುತ್ತಿದ್ದುದನ್ನು ನಾವು ನೋಡಿದ್ದೇವೆ. ಇದರ ಜೊತೆಗೆ, ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕವು ನೀವು ಟ್ಯಾಂಕ್ ಖಾಲಿ ಮಾಡುವ ಕಡೆಯ ಸೆಪ್ಟಿಕ್ ಟ್ಯಾಂಕಿನಲ್ಲೂ ಅದೇ ಕೆಲಸ ಮಾಡುತ್ತದೆ, ಮತ್ತು ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಆ ಸೂಕ್ಷ್ಮಜೀವಿಗಳಿಂದ.

ಈಗ, ಪ್ರತಿಯೊಬ್ಬರೂ ಕೇಳಿರುವ ಪ್ರಶ್ನೆಗೆ ಬರುತ್ತೇವೆ. “ನೀಲಿ ಹಾಕುತ್ತಿದ್ದಾಗ ವಾಸನೆ ಇರಲಿಲ್ಲ, ಹಸಿರು ಹಾಕಿದ ಮೇಲೆ ಇದೆ, ಇದಕ್ಕೇನು ಹೇಳುತ್ತೀರಿ?”

ಹಸಿರು ದ್ರಾವಣ ಕೊಲ್ಲುವ ದ್ರಾವಣವಲ್ಲ ಎಂಬುದರಿಂದಲೇ ಉತ್ತರ ಆರಂಭವಾಗಬೇಕು. ಟ್ಯಾಂಕಿನೊಳಗೆ ಗಾಳಿ ಆಡುವುದಿಲ್ಲ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಮಲಮೂತ್ರದಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದ. ಹಸಿರು ದ್ರಾವಣದಲ್ಲಿರುವ ನೈಟ್ರೇಟ್ ಸಿಕ್ಕರೆ ಟ್ಯಾಂಕಿನೊಳಗಿನ ಜೀವಿಗಳಲ್ಲಿ ನೈಟ್ರೇಟನ್ನು ಬಳಸುವವುಗಳ ಕೈ ಮೇಲಾಗಿ, ಸಲ್ಫೇಟಿನ ಕೆಲಸ ಹಿಂದೆ ಬೀಳುತ್ತದೆ, ಆ ಅನಿಲವೂ ಹುಟ್ಟುವುದಿಲ್ಲ. ನೈಟ್ರೇಟ್ ಮುಗಿದ ದಿನ ಮತ್ತೆ ಹಳೆಯ ಕಥೆಯೇ. ಆದ್ದರಿಂದ ಅಳತೆ ಕಡಿಮೆಯಾದರೆ ನೀಲಿಯಂತೆ ಇದು ಹೊಂದಿಕೊಂಡು ಹೋಗುವುದಿಲ್ಲ. ತಾಪಮಾನ ಸುಮಾರು 10 ಡಿಗ್ರಿ ಏರಿದರೆ ಇಂಥ ಜೀವಿಗಳ ಚಟುವಟಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, ತಂಪು ಹವೆಯಲ್ಲಿ ನಾಲ್ಕು ದಿನ ಬರುವ ಅಳತೆ ಬಿಸಿಲಲ್ಲಿ ನಿಲ್ಲಿಸಿದ ವಾಹನದೊಳಗೆ ಎರಡೇ ದಿನಕ್ಕೆ ತೀರಿಹೋಗುತ್ತದೆ. ಟಾಯ್ಲೆಟನ್ನು ನೆರಳಿನಲ್ಲಿಡಿ, ಅದು ಆಗದಿದ್ದರೆ ಮೂರನೆಯ ದಿನ ಕಾಯದೆ ಖಾಲಿ ಮಾಡಿ.

ಎರಡನೆಯದು ನೀರು. ದ್ರಾವಣ ಹಾಕುವ ಮೊದಲೇ ಕೆಳಗಿನ ಟ್ಯಾಂಕಿಗೆ 2 ಲೀಟರ್ ನೀರು ಹಾಕಿರಬೇಕು, ಏಕೆಂದರೆ ದ್ರಾವಣ ನೀರಿನಲ್ಲಿ ಹರಡಿಕೊಂಡು ಮಲವನ್ನು ಮುಳುಗಿಸಿದರೆ ಮಾತ್ರ ಅದರ ಕೆಲಸ ನಡೆಯುತ್ತದೆ. ನೀರು ಹಾಕಿದರೆ ಟ್ಯಾಂಕ್ ಬೇಗ ತುಂಬುತ್ತದೆಂದು ಕೆಲವರು ಒಣ ಟ್ಯಾಂಕಿಗೆ ದ್ರಾವಣ ಸುರಿದು ಬಿಡುತ್ತಾರೆ. ಅಲ್ಲಿ ಮೂತ್ರ ದಟ್ಟವಾಗಿಯೇ ಉಳಿಯುತ್ತದೆ, ಅದರಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮುಚ್ಚಳ ತೆರೆದ ಕೂಡಲೇ ಕಣ್ಣಿಗೆ ಚುಚ್ಚುವ ವಾಸನೆ ಅದು. ಉಳಿಸಿದ ಜಾಗದ ಬೆಲೆಯನ್ನು ಮೂಗು ತೆರುತ್ತದೆ.

ಮೂರನೆಯದನ್ನು ಬರೆಯುವಾಗ ನಮ್ಮ ದನಿ ಸ್ವಲ್ಪ ಏರಿದರೆ ಮನ್ನಿಸಿ. ಕಳೆದ ತಿಂಗಳು ವಾಪಸು ಬಂದ ಒಂದು ಟ್ಯಾಂಕ್ “ಏನು ಹಾಕಿದರೂ ನಾರುತ್ತದೆ” ಎಂಬ ದೂರಿನೊಂದಿಗೆ ಬಂದಿತ್ತು. ಬೌಲಿಗೂ ಟ್ಯಾಂಕಿಗೂ ನಡುವೆ ಸರಿಯುವ ಕವಾಟವನ್ನು ಬಿಚ್ಚಿ, ಅದರ ಸುತ್ತಲಿನ ರಬ್ಬರ್ ಸೀಲನ್ನು ಹೊರತೆಗೆದು ಬೆರಳಲ್ಲಿ ಬಾಗಿಸಿದಾಗ ಅದು ಒಣಗಿದ ಚರ್ಮದ ಪಟ್ಟಿಯಂತೆ ಬಿರುಕುಬಿಟ್ಟಿತು. ಒಂದು ಕಡೆ ಉಗುರು ತೂರಿಸುವಷ್ಟು ಸಂದು. ವಾಸನೆ ಬರುತ್ತಿದ್ದುದು ಆ ಸಂದಿನಿಂದ. ವಿಚಾರಿಸಿದಾಗ, ವಾಸನೆ ಹೋಗಲೆಂದು ಪ್ರತಿ ಸಲವೂ ಬ್ಲೀಚ್ ಹಾಕಿ ತೊಳೆಯುತ್ತಿದ್ದರೆಂದು ತಿಳಿಯಿತು. ಬ್ಲೀಚ್ ರಬ್ಬರಿನ ಮೃದುತ್ವವನ್ನು ತೆಗೆಯುತ್ತದೆ. ಹಸಿರು ದ್ರಾವಣದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಮತ್ತು ಆ ಕೆಲಸವನ್ನು ಫಿನಾಯಿಲ್ ಕೂಡ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂತ್ರದ ಅಮೋನಿಯಾದೊಂದಿಗೆ ಬ್ಲೀಚ್ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಡೇರೆಯೊಳಗೆ ಇದು ಅಪಾಯ. ದಯವಿಟ್ಟು ನಮ್ಮ ಟ್ಯಾಂಕುಗಳಿಗೆ ಬ್ಲೀಚ್ ಹಾಕಬೇಡಿ. ಆ ಗ್ರಾಹಕರಿಗೆ ಹೊಸ ಸೀಲನ್ನು ನಮ್ಮ ಖರ್ಚಿನಲ್ಲೇ ಹಾಕಿಕೊಟ್ಟೆವು.

ಸೀಲಿನ ಆರೈಕೆ ದೊಡ್ಡ ಕೆಲಸವೇನಲ್ಲ. ಖಾಲಿ ಮಾಡಿ ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು; ಅಡುಗೆ ಎಣ್ಣೆ, ವ್ಯಾಸಲಿನ್ ಬೇಡ, ಅವು ರಬ್ಬರನ್ನು ಉಬ್ಬಿಸಿ ಕೆಡಿಸಬಲ್ಲವು. ಎತ್ತಿಡುವಾಗ ಕವಾಟವನ್ನು ತೆರೆದಿಡಿ, ಇಲ್ಲವಾದರೆ ತಿಂಗಳುಗಟ್ಟಲೆ ಅದುಮಿಕೊಂಡಿದ್ದ ಸೀಲ್ ಅಂಟಿಕೊಳ್ಳುತ್ತದೆ. ಕಾಗದದ ಚೂರು ಅಥವಾ ಒಂದು ಮರಳಿನ ಕಣ ಕವಾಟದ ಅಂಚಿನಲ್ಲಿ ಸಿಕ್ಕಿಕೊಂಡರೂ ಸಂದು ಬೀಳುತ್ತದೆ, ಆದ್ದರಿಂದ ಮುಚ್ಚುವ ಮುನ್ನ ಒಮ್ಮೆ ಕಣ್ಣಾಡಿಸಿ. ಟಾಯ್ಲೆಟ್ ನಿಂತಲ್ಲೇ ನಿಂತಿರುವಾಗ ಮುಚ್ಚಿದ ಕವಾಟದ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರೆ ಅದೇ ಒಂದು ತಡೆಯಾಗುತ್ತದೆ. ಸಾಗಿಸುವಾಗ ಮಾತ್ರ ಚೆಲ್ಲಿಬಿಡಿ.

ಟ್ಯಾಂಕಿನ ಒಳಗೋಡೆಗೆ ಹಳದಿ ಮಿಶ್ರಿತ ಬಿಳಿ ಪದರ ಕಟ್ಟುವುದನ್ನು ನೀವು ನೋಡಿರಬಹುದು. ಅದು ಮೂತ್ರದ ಲವಣಗಳ ಗಟ್ಟಿ ಪದರ, ಹಳೆಯ ವಾಸನೆ ಅಡಗಿಕೊಳ್ಳುವ ಜಾಗವೂ ಅದೇ. ಇದನ್ನು ಉಜ್ಜುವ ಪುಡಿಯಿಂದ ಕೆರೆಯಬೇಡಿ, ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕೊಳೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಸಿಟ್ರಿಕ್ ಆಮ್ಲವನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ ಕೆಲವು ಗಂಟೆ ಬಿಟ್ಟು ತೊಳೆದರೆ ಅದು ಸಡಿಲವಾಗುತ್ತದೆ. ಬ್ಲೀಚ್ ಹಾಕಿದ್ದ ಟ್ಯಾಂಕಿಗೆ ಮಾತ್ರ ಆಮ್ಲ ಹಾಕಲೇಬಾರದು, ಕ್ಲೋರಿನ್ ಏಳುತ್ತದೆ. ನಿಮಗೆ ಇದೆಲ್ಲ ತೊಂದರೆಯೆನಿಸಿದರೆ ಬಿಟ್ಟುಬಿಡಿ, ಪ್ರತಿ ಬಾರಿ ವಾಪಸು ಬಂದ ಟ್ಯಾಂಕಿಗೆ ನಾವೇ ಇದನ್ನು ಮಾಡುತ್ತೇವೆ.

ಬೌಲ್ ತೊಳೆಯಲು ಮೇಲಿನ ಟ್ಯಾಂಕಿನಲ್ಲಿ ತುಂಬಿದ ನೀರನ್ನು ಪ್ರವಾಸ ಮುಗಿದ ದಿನವೇ ಚೆಲ್ಲಿ ಒಣಗಿಸಿ. ಅಲ್ಲಿ ನಿಂತ ನೀರೂ ಹಳಸುತ್ತದೆ. ಒದ್ದೆ ಕಾಗದದ ವೈಪ್‌ಗಳು ಕರಗುವುದಿಲ್ಲವಾದ್ದರಿಂದ ಅವುಗಳನ್ನು ಬೇರೆ ಚೀಲದಲ್ಲಿ ಹಾಕಿ. ಖಾಲಿ ಮಾಡುವಾಗ ಟ್ಯಾಂಕಿನೊಳಗೆ ಗಾಳಿ ಬಿಡುವ ಗುಂಡಿಯನ್ನು (ಬಟನ್) ಒತ್ತಿಕೊಂಡೇ ಸುರಿದರೆ ಎರಚುವುದಿಲ್ಲ. ಸುರಿಯುವ ಜಾಗ ಒಳಚರಂಡಿಗೆ ಸೇರಿದ ಶೌಚಾಲಯ ಅಥವಾ ಅದಕ್ಕೆಂದೇ ಇರುವ ಕೇಂದ್ರ. ಹಳ್ಳ, ಹೊಳೆ, ಪೊದೆ ಯಾವುದೂ ಅಲ್ಲ, ದ್ರಾವಣ ಹಸಿರಾದರೂ ಅಲ್ಲ.

ಇನ್ನು ಮುಂದೆ ನಮ್ಮ ಕಡೆಯಿಂದ ಆಗುವುದಿಷ್ಟು. ಬಾಟಲಿಯ ಮೇಲೆ ಅಳತೆಯನ್ನು ದೊಡ್ಡ ಅಕ್ಷರದಲ್ಲಿ, ಟ್ಯಾಂಕಿನ ಹಿಡಿಕೆಯ ಬಳಿಯೂ ಇನ್ನೊಮ್ಮೆ ಬರೆದಿರುತ್ತೇವೆ. ಪ್ರತಿ ಋತುವಿನ ಆರಂಭದಲ್ಲಿ ಎಲ್ಲ ಟಾಯ್ಲೆಟ್‌ಗಳ ಸೀಲನ್ನು ಬದಲಿಸುತ್ತೇವೆ, ಅದರ ಖರ್ಚು ನಮ್ಮದು. ಬಾಡಿಗೆಗೆ ಹೋಗುವ ಪ್ರತಿ ಟ್ಯಾಂಕನ್ನೂ ಹಿಂದಿನಂತೆಯೇ ನಮ್ಮಲ್ಲೊಬ್ಬರು ಮುಚ್ಚಳ ತೆರೆದು, ಮೂಗು ಹತ್ತಿರ ತಂದು ನೋಡಿಯೇ ಕಳಿಸುತ್ತಾರೆ. ಇದನ್ನು ಕೇಳಿ ನಕ್ಕವರಿದ್ದಾರೆ, ಆದರೆ ಇದಕ್ಕಿಂತ ನಂಬಬಹುದಾದ ಪರೀಕ್ಷೆ ನಮಗೆ ಸಿಕ್ಕಿಲ್ಲ. ಸರಿಯಾದ ಅಳತೆ, ನೀರು, ನೆರಳು ಇದ್ದೂ ವಾಸನೆ ಬಂದರೆ ಟ್ಯಾಂಕನ್ನು ತೊಳೆಯದೆ ಹಾಗೆಯೇ ಮುಚ್ಚಿ ತನ್ನಿ. ಮುಜುಗರ ಪಡಬೇಡಿ. ತೊಳೆದು ತಂದರೆ ಕಾರಣ ಹುಡುಕುವುದು ನಮಗೆ ಕಷ್ಟವಾಗುತ್ತದೆ.

ಮನೆಯಲ್ಲಿ ಉಳಿದಿರುವ ನೀಲಿ ಬಾಟಲಿಗಳನ್ನು ಚರಂಡಿಗೆ ಸುರಿಯದೆ, ಮುಚ್ಚಳ ಬಿಗಿದು ನಮಗೆ ಹಿಂತಿರುಗಿಸಿ. ಅರ್ಧ ಖಾಲಿಯಾಗಿದ್ದರೂ ಅದರ ಬದಲಿಗೆ ಒಂದು ತುಂಬಿದ ಹಸಿರು ಬಾಟಲಿ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಂಘದ ಎಲ್ಲ ಸದಸ್ಯರ ಪರವಾಗಿ